ಹಾಕಿ ಪಂದ್ಯಾಟದ ನಾಮಕರಣ

ಕಾಪು ಪೇಟೆಯಲ್ಲಿ ಕೊಡೆ ಅಂಗಡಿ ಇಟ್ಟುಕೊಂಡಿದ್ದ ಭೋಜಣ್ಣನಿಗೆ ಬೀಡಿ ಇಲ್ಲ, ಶರಾಬು ಇಲ್ಲ, ಕೋಳಿ ಅಂಕದ ಜೂಜಿನ ಹುಚ್ಚೂ ಇಲ್ಲ. ಇದ್ದ ಚಟ ಒಂದೇ. ಯಾರು ಎಂತ ಕೇಳಿದರೂ ‘ಆಯ್ತು’ ಎಂದುಬಿಡುವುದು. ಎರಡು ಮಳೆಗಾಲ ಬಳಸಿ ಕಡ್ಡಿ ಮುರಿದುಕೊಂಡ ಕೊಡೆಯನ್ನು ತಂದು ‘ಇದು ಸರಿ ಇಲ್ಲ, ಬದಲಿಸಿ ಕೊಡಿ’ ಎಂದವರಿಗೂ ಆಯ್ತು. ಒಮ್ಮೆ ಇನ್ನಂಜೆಯ ಗೃಹಪ್ರವೇಶಕ್ಕೂ ಬೆಳ್ಮಣ್ಣಿನ ಮದುವೆಗೂ ಒಂದೇ ಮಧ್ಯಾಹ್ನ ಬಡಿಸಲು ನಿಲ್ಲುತ್ತೇನೆಂದು ಒಪ್ಪಿಕೊಂಡು, ಮೊದಲು ಎಲ್ಲಿಗೆ ಹೋಗುವುದೆಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಾ ನಿದ್ದೆ ಹೋಗಿ, ಎರಡೂ ಕಡೆ ಊಟ ಮುಗಿದ ಮೇಲೆ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣುಬಿಟ್ಟಿದ್ದ. ಇಂಥ ಮನುಷ್ಯನನ್ನು ನಾಲ್ಕು ಊರು ಸೇರಿ ನಡೆಸುವ ಹಾಕಿ ಪಂದ್ಯಾಟಕ್ಕೆ ಕಾರ್ಯದರ್ಶಿ ಮಾಡಿದವರ ಬುದ್ಧಿಗೆ ಎಂತ ಹೇಳುವುದು? ಯಾರೋ ‘ನೀವೇ ಆಗಿ ಭೋಜಣ್ಣ’ ಅಂದರು. ಅವನು ಆಯ್ತು ಅಂದ. ಅಷ್ಟೇ ನಡೆದದ್ದು.

ಆದರೆ ಈ ಒಂದು ಆಯ್ತಿಗೆ ಕಾರಣವಿತ್ತು. ಮಗಳು ತೃಷಾ. ಇನ್ನಂಜೆಯ ಗದ್ದೆಯಲ್ಲಿ ಕೊಯ್ಲು ಮುಗಿದದ್ದೇ ತಡ, ಕೂಳೆಯ ನಡುವೆ ಚೆಂಡು ಓಡಿಸಿ ಓಡಿಸಿ ಆಟ ಕಲಿತ ಹುಡುಗಿ. ಪಿಯುಸಿ ಮುಗಿದಿತ್ತು. ಮಂಗಳೂರಿನಿಂದ ಝೀಟಾ ಮೇಡಂ ಎಂಬವರು ಕೊನೆಯ ಪಂದ್ಯ ನೋಡಲು ಬರುತ್ತಾರೆ, ರಾಜ್ಯದ ಕಿರಿಯರ ತರಬೇತಿ ಶಿಬಿರಕ್ಕೆ ಇಲ್ಲಿಂದಲೇ ಹುಡುಗಿಯರನ್ನು ಆರಿಸುತ್ತಾರೆ ಎಂದು ಸುದ್ದಿ ಬಂದಿತ್ತು. ಬರುವುದು ಆ ಒಂದು ಭಾನುವಾರ ಮಾತ್ರ. ಆಮೇಲೆ ಮಳೆ ಹಿಡಿದರೆ ಕಾಪುವಿನ ಮೈದಾನದಲ್ಲಿ ದೋಣಿ ಬಿಡಬಹುದು, ಹಾಕಿ ಆಡಲಿಕ್ಕಾಗದು. “ಅಪ್ಪಾ, ಆ ದಿನ ಒಂದು ಆಟ ಆಗಬೇಕು. ಬೇರೆ ಎಂತ ಆಗದಿದ್ದರೂ ಅಡ್ಡಿಯಿಲ್ಲ,” ಎಂದಿದ್ದಳು ತೃಷಾ. ಭೋಜಣ್ಣ ಆಯ್ತು ಅಂದಿದ್ದ. ಆ ಆಯ್ತು ಮಾತ್ರ ಅವನ ಎದೆಯಿಂದ ಬಂದದ್ದು.

ಮೊದಲ ಸಭೆ ಕೊಡೆ ಅಂಗಡಿಯಲ್ಲೇ ಸೇರಿತು. ಮಣಿಪಾಲದಿಂದ ನಿವೃತ್ತ ದೈಹಿಕ ಶಿಕ್ಷಕ ಕ್ಲಾರೆನ್ಸ್ ಮಾಸ್ಟ್ರು ಬಂದರು. ಅವರ ಕುತ್ತಿಗೆಯಲ್ಲಿ ಸದಾ ಒಂದು ಪೀಪಿ ನೇತಾಡುತ್ತಿರುತ್ತದೆ, ಮಲಗುವಾಗಲೂ ತೆಗೆಯುವುದಿಲ್ಲವೆಂದು ಅವರ ವಿದ್ಯಾರ್ಥಿಗಳು ಹೇಳುವುದುಂಟು. ಉಡುಪಿಯಿಂದ ಮಹಿಳಾ ಕ್ರೀಡಾ ಸಂಘದ ಅಧ್ಯಕ್ಷೆ ಸಿಸಿಲಿಯಾ ಮೇಡಂ ಬಂದರು. ಕಾರ್ಕಳದಿಂದ ಬಂದವನು ಸುಂದರಣ್ಣ. ಕಲ್ಲಿನ ವ್ಯಾಪಾರಿ, ಮಾತೂ ಹಾಗೆಯೇ. ಅದು ಸಾಲದು ಎಂಬಂತೆ ಭೋಜಣ್ಣನ ಹೆಂಡತಿ ಮೋಹಿನಿಯ ಸ್ವಂತ ಅಣ್ಣ.

ಪಂದ್ಯ ಎಲ್ಲಿ, ಚೆಂಡು ಯಾರು ತರುವುದು, ಹುಡುಗಿಯರಿಗೆ ನೀರು ಯಾರು ಕೊಡುವುದು, ಇವೆಲ್ಲ ಒಂದು ಚಾ ಕುಡಿಯುವುದರೊಳಗೆ ಇತ್ಯರ್ಥವಾದವು. ಆಮೇಲೆ ಯಾರೋ ಹೆಸರಿನ ಮಾತು ತೆಗೆದರು. ಆ ಯಾರೋ ಸಿಕ್ಕಿದರೆ ಭೋಜಣ್ಣ ಇವತ್ತಿಗೂ ಬಿಡುವುದಿಲ್ಲ.

“ಇದು ಟೂರ್ನಮೆಂಟ್ ಅಲ್ಲ,” ಎಂದರು ಕ್ಲಾರೆನ್ಸ್ ಮಾಸ್ಟ್ರು. “ಸೋತವರು ಮನೆಗೆ ಹೋದರೆ ಟೂರ್ನಮೆಂಟ್. ಇಲ್ಲಿ ಸೋತವರು ಮುಂದಿನ ಊರಿಗೆ ಬಂದು ಪುನಃ ಆಡ್ತಾರೆ. ಆದ್ದರಿಂದ ಚಾಂಪಿಯನ್‌ಶಿಪ್ ಸರಣಿ ಅಂತಲೇ ಹಾಕಬೇಕು.”

“ಸರಣಿ ಅಂದರೆ ಟಿವಿ ಧಾರಾವಾಹಿಯ ಹಾಗೆ ಕೇಳ್ತದೆ ಮಾಸ್ಟ್ರೇ,” ಎಂದರು ಸಿಸಿಲಿಯಾ ಮೇಡಂ. “ಕಪ್ ಅಂತ ಹೇಳುವ. ಚಂದ ಉಂಟು.”

“ಕಪ್ಪೂ ಬೇಡ ಸಾಸರೂ ಬೇಡ,” ಎಂದ ಸುಂದರಣ್ಣ. “ಅದರ ಹಿಂದೆ ಎಂತ ಬೇಕಾದರೂ ಹಾಕಿ. ಎದುರು ಯಾವ ಊರಿನ ಹೆಸರು, ಅದನ್ನು ಹೇಳಿ ಮೊದಲು.”

ಅಂಗಡಿಯೊಳಗೆ ಎಲ್ಲರೂ ಒಟ್ಟಿಗೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಉಡುಪಿ ಜಿಲ್ಲಾಕೇಂದ್ರ, ಜಿಲ್ಲೆಯಾಗಿ ಇಷ್ಟು ವರ್ಷವಾದರೂ ಮರ್ಯಾದೆ ಬೇಡವೇ ಎಂದರು ಸಿಸಿಲಿಯಾ ಮೇಡಂ. ಗೊಮ್ಮಟನಿಗಿಂತ ದೊಡ್ಡವರು ನಿಮ್ಮಲ್ಲಿ ಯಾರಿದ್ದಾರೆ ಎಂದ ಸುಂದರಣ್ಣ. ಎತ್ತರದ ಮಾತಾದರೆ ಗುಡ್ಡದ ಮೇಲಿರುವುದು ಮಣಿಪಾಲ ಎಂದರು ಮಾಸ್ಟ್ರು. ಎದುರಿನ ಹೋಟೆಲಿನಿಂದ ಚಾ ತಂದವನು ಕೂಡಾ ಗ್ಲಾಸು ಇಡುತ್ತಾ, “ದೀಪಸ್ತಂಭ ಇರುವುದು ಕಾಪುವಿನಲ್ಲಿ, ಅದು ಬಿಟ್ಟು ಎಂತ ಎತ್ತರ?” ಎಂದು ಹೇಳಿಯೇ ಹೋದ. ಸಭೆ ತೀರ್ಮಾನವಿಲ್ಲದೆ ಮುಗಿಯಿತು.

ಮರುದಿನದಿಂದ ಒಬ್ಬೊಬ್ಬರೇ ಬರತೊಡಗಿದರು. ಸಿಸಿಲಿಯಾ ಮೇಡಂ ಒಂದು ಕೊಡೆ ಕೊಳ್ಳುವ ನೆಪದಲ್ಲಿ ಬಂದು, “ಉಡುಪಿ ಮೊದಲು, ಅಲ್ವಾ ಭೋಜಣ್ಣ?” ಎಂದರು. ಆಯ್ತು. ಮಾಸ್ಟ್ರು ಫೋನು ಮಾಡಿ, “ಮಣಿಪಾಲದ ಹೆಸರು ಹಿಂದೆ ಹೋದರೆ ನಾನು ಪೀಪಿ ಊದುವುದಿಲ್ಲ,” ಎಂದರು. ಆಯ್ತು. ಸುಂದರಣ್ಣ ಬಂದು, ತಂಗಿಯ ಕೈಯ ಮೀನುಸಾರು ಉಂಡು, ಕೈ ತೊಳೆಯುವಾಗ ಭಾವನ ಹೆಗಲಿಗೆ ಒದ್ದೆ ಕೈ ಇಟ್ಟು, “ಕಾರ್ಕಳ ಮೊದಲು. ನಾನು ಊರಿನಲ್ಲಿ ಹೇಳಿ ಆಗಿದೆ,” ಎಂದ. ಹೆಂಡತಿಯ ಅಣ್ಣನಿಗೆ ಇಲ್ಲ ಎನ್ನುವುದುಂಟೇ?

ಇಷ್ಟಾದ ಮೇಲೆ ಭೋಜಣ್ಣನಿಗೆ ಒಂದು ಉಪಾಯ ಹೊಳೆಯಿತು. ಇದನ್ನು ಅವನು ಆಗ ಬುದ್ಧಿವಂತಿಕೆ ಎಂದು ತಿಳಿದಿದ್ದ. ಹೇಗೂ ಮೊದಲ ಸುತ್ತು ಉಡುಪಿಯಲ್ಲಿ, ಎರಡನೆಯದು ಮಣಿಪಾಲದಲ್ಲಿ, ಮೂರನೆಯದು ಕಾರ್ಕಳದಲ್ಲಿ, ಕೊನೆಯ ಪಂದ್ಯ ಕಾಪುವಿನಲ್ಲಿ. ಪ್ರತಿ ಊರಿಗೂ ಅದರದ್ದೇ ಹೆಸರು ಮೊದಲು ಬರುವ ಬ್ಯಾನರ್ ಬರೆಸಿದರಾಯಿತು! ಆ ಊರಿನವರಿಗೆ ಆ ಊರಿನದು. ಯಾರು ಯಾರದನ್ನು ನೋಡಲು ಹೋಗುತ್ತಾರೆ?

ಬ್ಯಾನರ್ ಬರೆಯುವವನು ಸಂಗಮೇಶ, ಗದಗದ ಕಡೆಯವನು, ಕಾಪುವಿನಲ್ಲಿ ಬೋರ್ಡು ಬರೆದುಕೊಂಡಿದ್ದ. ಮೂರನೆಯ ಬಟ್ಟೆ ಹಾಸುವಾಗ ಅವನು ಬ್ರಶ್ ಕೆಳಗಿಟ್ಟ.

“ಅಣ್ಣಾರ, ಅವ ನಾಕ ಊರು, ಹಿಂದ ಮುಂದ, ಹಿಂದ ಮುಂದ. ಬರದು ಬರದು ನನಗ ನನ್ನ ಊರಿನ ಹೆಸರ ಮರತಂಗ ಆಗೇತ್ರಿ.”

“ನನಗೂ ತಲೆ ಕಾದು ಮಂಡೆಬಿಸಿಯೇ ಮಾರಾಯ. ನೀನು ಬರೆ,” ಎಂದ ಭೋಜಣ್ಣ.

ಆ ದಿನಗಳಲ್ಲಿ ಅವನ ಬಾಯಿಯಲ್ಲಿ ಆಯ್ತು ಬಿಟ್ಟರೆ ಇದ್ದ ಮಾತು ಅದೊಂದೇ. ಪಂದ್ಯಾಟ ಹೇಗೆ ನಡೀತಾ ಉಂಟು ಭೋಜಣ್ಣ? ಮಂಡೆಬಿಸಿ. ಮಳೆ ಬರುವ ಮೊದಲು ಮುಗೀತದಾ? ಮಂಡೆಬಿಸಿ. ತಂಡದ ಹುಡುಗಿಯರು ಇದನ್ನು ಕೇಳಿ ಕೇಳಿ ನಗುತ್ತಿದ್ದರು.

ಮೂರು ಊರಿನ ಸುತ್ತು ಸುಸೂತ್ರವಾಗಿ ಮುಗಿದವು. ಕಾಪು ಮತ್ತು ಕಾರ್ಕಳದ ಹುಡುಗಿಯರು ಕೊನೆಯ ಪಂದ್ಯಕ್ಕೆ ಬಂದರು. ಭೋಜಣ್ಣ ಒಂದು ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದ. ಬೆಳಿಗ್ಗೆ ಪೇಪರು ಬಂತು.

ಪೇಪರಿನವನನ್ನು ದೂರಿ ಪ್ರಯೋಜನವಿಲ್ಲ. ಅವನು ಬ್ಯಾನರ್ ನೋಡಿ ಬರೆದವನು. ದೊಡ್ಡ ಅಕ್ಷರದಲ್ಲಿ ಹಾಕಿದ್ದ: ‘ಕರಾವಳಿಯಲ್ಲಿ ಹಾಕಿಗೆ ಮರುಜೀವ. ಒಂದೇ ತಿಂಗಳಲ್ಲಿ ಮೂರು ಬೇರೆ ಬೇರೆ ಪಂದ್ಯಾಟ!’ ಕೆಳಗೆ ಮೂರು ಚಿತ್ರ, ಮೂರು ಬ್ಯಾನರ್, ಮೂರರಲ್ಲೂ ಮೂರು ಬೇರೆ ಊರು ಮುಂದೆ. ಮೂರು ಚಿತ್ರದಲ್ಲೂ ಬ್ಯಾನರಿನ ಹಗ್ಗ ಹಿಡಿದುಕೊಂಡು ಹಲ್ಲು ಕಿರಿಯುತ್ತಾ ನಿಂತವನು ಒಬ್ಬನೇ ಭೋಜಣ್ಣ.

ಫೋನು ಬಡಿದುಕೊಳ್ಳತೊಡಗಿತು. ಸಿಸಿಲಿಯಾ ಮೇಡಂ ಬಯ್ಯಲಿಲ್ಲ, ಅದೇ ಭಯ. “ನಿಮ್ಮ ಮೇಲೆ ವಿಶ್ವಾಸ ಇಟ್ಟಿದ್ದೆ ಭೋಜಣ್ಣ,” ಎಂದು ಮೆಲ್ಲನೆ ಹೇಳಿ ಇಟ್ಟರು. ಮಾಸ್ಟ್ರು, “ಭಾನುವಾರ ನನಗೆ ಶೀತ ಆಗುವ ಲಕ್ಷಣ ಉಂಟು, ಪೀಪಿ ಊದಲಿಕ್ಕೆ ಆಗದು,” ಎಂದರು. ಸುಂದರಣ್ಣ ಫೋನಿನ ಗೊಡವೆಗೇ ಹೋಗಲಿಲ್ಲ. ಸಿಕ್ಕಿದ ಬಸ್ಸಿಗೆ ಪೇಪರು ಸುರುಳಿ ಮಾಡಿಕೊಂಡು ಬಂದಿಳಿದ.

“ಎಂತ ಭಾವ ಇದು? ನಾನು ಕಾರ್ಕಳದಲ್ಲಿ ಮುಖ ತೋರಿಸುವುದು ಹೇಗೆ? ಕಟಿಂಗ್ ಮಾಡಿಸಲಿಕ್ಕೆ ಹೋದರೆ ಕ್ಷೌರಿಕ ಕೇಳ್ತಾನೆ, ‘ಸುಂದರಣ್ಣ, ನಿಮ್ಮ ಊರು ಮಣಿಪಾಲದ ಬ್ಯಾನರಿನಲ್ಲಿ ಕೊನೆಗೆ ಉಂಟಂತೆ?’ ಅರ್ಧ ತಲೆ ಬಿಟ್ಟು ಎದ್ದು ಬಂದೆ.” ನಿಜವೇ. ಒಂದು ಪಕ್ಕದ ಕೂದಲು ಹಾಗೆಯೇ ಇತ್ತು. “ಕಾರ್ಕಳದ ಹೆಸರು ಮೊದಲು ಇಲ್ಲದಿದ್ದರೆ ನಮ್ಮ ತಂಡ ಕಾಪುವಿಗೆ ಕಾಲಿಡುವುದಿಲ್ಲ. ನೀವು ನೀವೇ ಆಡಿಕೊಳ್ಳಿ.”

“ಅಣ್ಣ, ಆಡದಿದ್ದರೆ ಹಾಳಾಗುವುದು ನಿನ್ನ ಸೊಸೆಯ ಬದುಕು,” ಎಂದಳು ಮೋಹಿನಿ.

“ಸೊಸೆಯೇನೋ ಹೌದು. ಆದರೆ ಊರು ಊರೇ ಅಲ್ವಾ?” ಎಂದ ಸುಂದರಣ್ಣ. ಹಾಗೆಂದು ತಿಂಡಿ ಬಿಡಲಿಲ್ಲ. ಸಿಟ್ಟಿನಲ್ಲಿ ನೀರುದೋಸೆ ಸ್ವಲ್ಪ ಹೆಚ್ಚೇ ಹೋಯಿತು.

ಅವನು ಹೋದ ಮೇಲೆ ಮೋಹಿನಿ ಗಂಡನ ಕಡೆ ತಿರುಗಿದಳು. “ನಿಮ್ಮ ಬಾಯಿಗೆ ಬೀಗ ಹಾಕಲಿಕ್ಕೆ ದೇವರು ಜಾಗ ಇಡಲಿಲ್ಲ. ಆಯ್ತು ಹೇಳುವ ಮೊದಲು ಎಂತಾದರೂ ತುರುಕಬೇಕು ಅಷ್ಟೇ.” ತೃಷಾ ಜಗಲಿಯ ಮೂಲೆಯಲ್ಲಿ ಕೂತು ಹಾಕಿ ಕೋಲಿನ ಹಿಡಿಗೆ ಹೊಸ ಪಟ್ಟಿ ಸುತ್ತುತ್ತಿದ್ದಳು. ಸುತ್ತಿ ಮುಗಿದದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ಅದನ್ನು ನೋಡಿ ಭೋಜಣ್ಣನಿಗೆ ಅಳುವೇ ಬಂತು. ಯಾವ ಊರಿನ ಹೆಸರು ಮೊದಲು ಬಂದರೆ ಇವಳ ಕಾಲಿಗೆ ಎಂತ ಬಲ ಬರುತ್ತದೆ? ಹಾಗೆಂದು ಭಾವನ ಎದುರು ಹೇಳಲು ಬಾಯಿ ಬರಬೇಕಲ್ಲ.

ಅಂಗಡಿಗೆ ಹೋಗಿ ಕೂತ. ಮಳೆಗಾಲ ಹತ್ತಿರ ಬಂದು ವ್ಯಾಪಾರ ಜೋರಾಗಿದ್ದ ಹೊತ್ತು. ಮಲ್ಪೆಯ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿಯ ಮೇಲೆ ನೆರಳಿಗೆ ನಿಲ್ಲಿಸುವ ದೊಡ್ಡ ಕೊಡೆ ಕೇಳಿದಳು. ಬಿಡಿಸಿ ತೋರಿಸಿದ. ಅವಳು ಅದರ ಅಡಿಯಲ್ಲಿ ಕೂತು ಸುತ್ತ ತಿರುಗಿಸಿ ನೋಡಿ, “ಇದರ ಮುಂದು ಯಾವ ಕಡೆ?” ಎಂದು ಕೇಳಿದಳು.

“ಕೊಡೆಗೆ ಎಂತ ಮುಂದು ಹಿಂದು ಮಾರಾಯ್ತಿ,” ಎಂದ ಭೋಜಣ್ಣ. ಹೇಳಿದವನು ಹಾಗೆಯೇ ನಿಂತುಬಿಟ್ಟ. ಆ ಕೊಡೆಯನ್ನು ಅವಳಿಗೆ ಮಾರಲಿಲ್ಲ.

ಸಂಗಮೇಶನನ್ನು ಕರೆಸಿದ. ಕೊಡೆಯ ಪ್ರತಿ ಪಟ್ಟಿಯ ಮೇಲೆ ಒಂದೊಂದು ಊರು, ಸುತ್ತ ಎರಡು ಸಲ. ಎಲ್ಲಿಂದ ಓದಿದರೂ ಅಲ್ಲಿಂದಲೇ ಮೊದಲು. ಸಂಗಮೇಶ ಈ ಸಲ ಬೇರೆಯೇ ಡಬ್ಬಿ ತಂದಿದ್ದ. “ಇದು ಒರಸಾಕ ಹಗೂರ ಆಗತೈತ್ರಿ ಅಣ್ಣಾರ. ನಾಳೆ ಮತ್ತ ನೀವು ಬದಲ ಮಾಡು ಅಂತೀರಿ, ನನಗ ಗೊತ್ತೈತಿ,” ಎಂದ. ಭೋಜಣ್ಣ ಅದಕ್ಕೂ ಆಯ್ತು ಅಂದ.

ಕೊಡೆಯ ಸುದ್ದಿ ನಾಲ್ಕೂ ಊರಿಗೆ ಹೋಯಿತು. ಆಶ್ಚರ್ಯವೆಂದರೆ ಎಲ್ಲರೂ ಒಪ್ಪಿದರು. ಗಾಳಿಗೆ ತನ್ನ ಊರೇ ಮುಂದೆ ಬಂದು ನಿಲ್ಲುತ್ತದೆಂದು ಪ್ರತಿಯೊಬ್ಬರಿಗೂ ಗುಟ್ಟಾದ ಭರವಸೆ ಇತ್ತು.

ಭಾನುವಾರ ಬಂತು. ಪಶ್ಚಿಮದಲ್ಲಿ ಕಡಲ ಮೇಲೆ ಮೋಡ ಕಪ್ಪಾಗಿ ಕೂತಿತ್ತು. ಮೈದಾನದ ಪಕ್ಕದ ವೇದಿಕೆಗೆ ಚಪ್ಪರ ಹಾಕಿದರೆ ಕೊಡೆ ಕಾಣದೆಂದು ಚಪ್ಪರವನ್ನೇ ಬಿಟ್ಟಿದ್ದರು. ಕಂಬದ ತುದಿಗೆ, ಜನರತ್ತ ಸ್ವಲ್ಪ ವಾಲಿಸಿ, ಕೊಡೆ ನಿಲ್ಲಿಸಿದ್ದರು. ಗಾಳಿ ಬೀಸಿದಂತೆ ಅದು ಮೆಲ್ಲನೆ ತಿರುಗುತ್ತಿತ್ತು. ಉಡುಪಿ ಮೇಲೆ ಬಂದರೆ ಉಡುಪಿಯವರ ಚಪ್ಪಾಳೆ, ಮಣಿಪಾಲ ಬಂದರೆ ಮಣಿಪಾಲದವರದು. ಮೋಹಿನಿ ಹುಡುಗಿಯರಿಗೆಂದು ಒಂದು ಪಾತ್ರೆ ಗೋಳಿಬಜೆ ಕರಿದು ತಂದಿದ್ದಳು. ವೇದಿಕೆಯ ತುದಿಯ ಕುರ್ಚಿಯಲ್ಲಿ ಝೀಟಾ ಮೇಡಂ ತನ್ನ ಕಪ್ಪು ಕೊಡೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದರು. ಎರಡೂ ತಂಡ ಸಾಲಾಗಿ ನಿಂತಿದ್ದವು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಶಾಲು ಹೊದಿಸಿದ್ದಾಯಿತು.

ಆಗ ಫೋಟೋದವನು, “ಎಲ್ಲರೂ ಕೊಡೆಯ ಅಡಿಗೆ ಬನ್ನಿ. ಯಾರಾದರೂ ಅದನ್ನು ಒಮ್ಮೆ ಗಟ್ಟಿ ಹಿಡಿದುಕೊಳ್ಳಿ,” ಅಂದುಬಿಟ್ಟ.

ಹಿಡಿಯುವುದು ಎಂದರೆ ಯಾವ ಊರನ್ನು ಮೇಲೆ ಮಾಡಿ ಹಿಡಿಯುವುದು? ಸುಂದರಣ್ಣ ಒಂದು ಹೆಜ್ಜೆ ಮುಂದೆ ಹೋಗಿ ಕಾರ್ಕಳಕ್ಕೆ ಕೈ ಹಾಕಿದ. ಸಿಸಿಲಿಯಾ ಮೇಡಂ ಅವನ ಕೈ ಬಿಡಿಸಿದರು. ಮಾಸ್ಟ್ರು ಮೈಕಿಗೆ ಬಂದು, “ದಯವಿಟ್ಟು ಶಿಸ್ತು. ಮೊದಲು ಇದನ್ನು ಸರಣಿ ಎಂದು ಘೋಷಿಸಿ, ಆಮೇಲೆ ಊರಿನ ಪ್ರಶ್ನೆ,” ಎಂದರು.

“ಸರಣಿ ಅಲ್ಲ, ಕಪ್!” ಎಂದರು ಸಿಸಿಲಿಯಾ ಮೇಡಂ.

“ನಿಮ್ಮ ಕಪ್ ನಿಮ್ಮ ಮನೆಯಲ್ಲಿ ಇಡಿ. ಟ್ರೋಫಿ!” ಎಂದರು ಶಾಲು ಹೊದ್ದ ಗಣ್ಯರೊಬ್ಬರು.

“ಅಷ್ಟು ಜಗಳ ಇದ್ದರೆ ಕಾಪುವಿನ ಹೆಸರು ಮೇಲೆ ಮಾಡಿ ಫೋಟೋ ತೆಗೀರಿ. ಮೈದಾನ ನಮ್ಮದು,” ಎಂದು ಕೆಳಗಿನಿಂದ ಯಾರೋ ಕೂಗಿದರು. ಅಲ್ಲಿಗೆ ಕೆಳಗಿದ್ದವರೂ ವೇದಿಕೆ ಹತ್ತಿದರು.

ಭೋಜಣ್ಣ ನಡುವೆ ಸಿಕ್ಕಿಕೊಂಡಿದ್ದ. ಎಡಗಿವಿಯಲ್ಲಿ ಉಡುಪಿ, ಬಲಗಿವಿಯಲ್ಲಿ ಕಾರ್ಕಳ. ಅವನು ಇಬ್ಬರಿಗೂ ಆಯ್ತು ಆಯ್ತು ಎನ್ನುತ್ತಲೇ ಇದ್ದ. ಮೂಗಿನ ಮೇಲೆ ಒಂದು ಹನಿ ಬಿತ್ತು. ತಲೆಯೆತ್ತಿ ನೋಡಿದ. ಆಕಾಶ ಕಾಯುವ ಹಾಗೆ ಕಾಣಲಿಲ್ಲ. ಮೈದಾನದಲ್ಲಿ ತೃಷಾ ನಿಂತಿದ್ದಳು, ವೇದಿಕೆಯನ್ನಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ತುದಿಯ ಕುರ್ಚಿಯಲ್ಲಿ ಝೀಟಾ ಮೇಡಂ ಗಡಿಯಾರ ನೋಡಿ, ಚೀಲಕ್ಕೆ ಕೈ ಹಾಕಿ, ಏಳಲು ಅಣಿಯಾಗುತ್ತಿದ್ದರು.

“ಭಾವ, ನೀನೇ ಹೇಳು. ಕಾರ್ಕಳ ಅಂತ ಘೋಷಿಸಿಬಿಡು, ಆಯ್ತಾ?” ಎಂದು ಸುಂದರಣ್ಣ ಮೈಕನ್ನು ಅವನ ಬಾಯಿಗೆ ಹಿಡಿದ.

“ಆಗುವುದಿಲ್ಲ!”

ಮೈಕಿನಲ್ಲಿ ಅದು ಪೇಟೆಯ ತನಕ ಕೇಳಿಸಿತಂತೆ. ಭೋಜಣ್ಣನ ಬಾಯಿಂದ ಆ ಮಾತು ಅದುವರೆಗೆ ಯಾರೂ ಕೇಳಿದ್ದಿಲ್ಲ. ಹೇಳಿದವನೇ ಹೆದರಿ ಒಮ್ಮೆ ಹಿಂದೆ ನೋಡಿದ. ಆಮೇಲೆ ಧೈರ್ಯ ಬಂತು. “ಉಡುಪಿಯೂ ಆಗುವುದಿಲ್ಲ, ಮಣಿಪಾಲವೂ ಆಗುವುದಿಲ್ಲ, ಕಾಪುವೂ ಬೇಡ! ಮಕ್ಕಳು ಅಲ್ಲಿ ಕಾದು ಕಾದು ಬೇರು ಬಿಡ್ತಾ ಇದ್ದಾರೆ, ನಿಮಗೆ ನಾಚಿಕೆ ಉಂಟಾ? ನೀವು ಇಲ್ಲಿ ನಿಂತು ಎಷ್ಟು ಬೇಕಾದರೂ ಹೆಸರು ಇಡಿ, ತೊಟ್ಟಿಲೂ ತೂಗಿ!” ಎಂದವನೇ ಕ್ಲಾರೆನ್ಸ್ ಮಾಸ್ಟ್ರ ಕುತ್ತಿಗೆಯ ಪೀಪಿಗೆ ಕೈ ಹಾಕಿದ. ಪೀಪಿಯ ದಾರ ಮಾಸ್ಟ್ರ ತಲೆಯಿಂದ ಹೊರಬರಲಿಲ್ಲ. ಆದ್ದರಿಂದ ಮಾಸ್ಟ್ರನ್ನೂ ಪೀಪಿಯೊಟ್ಟಿಗೆ ಎಳೆದುಕೊಂಡು ಮೆಟ್ಟಿಲಿಳಿದು, ಮೈದಾನದ ನಡುವೆ ನಿಲ್ಲಿಸಿ, ಉಸಿರು ಕಟ್ಟಿ ಊದಿದ.

ಆಟ ಶುರುವಾಯಿತು. ಮಾಸ್ಟ್ರು ಏನೇ ಆದರೂ ಮಾಸ್ಟ್ರು. ಚೆಂಡು ಓಡಿದ್ದು ಕಂಡದ್ದೇ ಶೀತ ಮರೆತು ಹಿಂದೆ ಓಡಿದರು.

ಮಳೆಯೂ ಶುರುವಾಯಿತು. ವೇದಿಕೆಯ ಮೇಲಿದ್ದವರಿಗೆ ಹೋಗಲು ಜಾಗವಿಲ್ಲ, ಚಪ್ಪರವಿಲ್ಲ. ಎಲ್ಲರೂ ಆ ಒಂದು ಕೊಡೆಯ ಅಡಿಗೆ ನುಗ್ಗಿದರು. ಸಿಸಿಲಿಯಾ ಮೇಡಂ, ಸುಂದರಣ್ಣ, ಫೋಟೋದವನು, ಶಾಲು ಹೊದ್ದ ಗಣ್ಯರು, ಹೊದಿಸಿದ ಗಣ್ಯರು. ಒಂದು ದೊಡ್ಡ ಗಾಳಿ ಬಂದು ಕೊಡೆಯನ್ನು ಗರಗರ ತಿರುಗಿಸಿತು. ಒರೆಸಲು ಹಗುರವಾಗಲೆಂದು ಸಂಗಮೇಶ ತಂದಿದ್ದ ಬಣ್ಣ ಕರಗತೊಡಗಿತು. ಕೆಂಪಿನ ಉಡುಪಿ ಸುಂದರಣ್ಣನ ಬಿಳಿ ಅಂಗಿಯ ಮೇಲೆ ಇಳಿಯಿತು. ನೀಲಿಯ ಕಾರ್ಕಳ ಸಿಸಿಲಿಯಾ ಮೇಡಂನ ಹೆಗಲು ಸೇರಿತು. ಹಸಿರು ಮಣಿಪಾಲವೂ ಹಳದಿ ಕಾಪುವೂ ಎಲ್ಲರ ತಲೆಯಲ್ಲೂ ಒಟ್ಟಾದವು. ಕಂಬಳದ ಗದ್ದೆಯಿಂದ ಎದ್ದು ಬಂದವರೂ ಇವರಿಗಿಂತ ಚೊಕ್ಕವಾಗಿರುತ್ತಾರೆ.

“ಹೇಳಿದ್ದೆನಲ್ರಿ,” ಎಂದ ಸಂಗಮೇಶ ಮೈದಾನದ ಬದಿಯಲ್ಲಿ ನೆನೆಯುತ್ತಾ. “ಹಗೂರ ಹೋಗತೈತಿ.”

ಝೀಟಾ ಮೇಡಂ ತನ್ನ ಕಪ್ಪು ಕೊಡೆ ಬಿಡಿಸಿ ಮೈದಾನದ ಅಂಚಿಗೆ ಬಂದು ನಿಂತಿದ್ದರು. ಹೋಗಿರಲಿಲ್ಲ. ನೀರು ನಿಂತ ಮೈದಾನದಲ್ಲಿ ಚೆಂಡು ಓಡದು. ಬೇರೆ ಹುಡುಗಿಯರು ತಡವರಿಸುವಲ್ಲಿ ಕೂಳೆಯ ಗದ್ದೆಯಲ್ಲಿ ಆಟ ಕಲಿತ ತೃಷಾ ಚೆಂಡನ್ನು ನೆಲಕ್ಕೆ ತಾಗಿಸದೆ ಎತ್ತಿ ಎತ್ತಿ ಮುಂದೆ ಒಯ್ದಳು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಕೊಡೆಯ ಅಡಿಯಿಂದ ಯಾರೋ ಕೂಗಿದರು: “ಹೊಡಿ ಮಗಾ, ಹೊಡಿ! ಬಿಡಬೇಡ!” ಅದು ಸುಂದರಣ್ಣ. ಗೋಲು ಬಿದ್ದದ್ದು ಸ್ವಂತ ಊರಿನ ಮೇಲೆ ಎಂಬುದು ಅವನಿಗೆ ಕುಣಿದು ಮುಗಿದ ಮೇಲೆ ನೆನಪಾಯಿತು.

ಪಂದ್ಯ ಗೆದ್ದದ್ದು ಕಾರ್ಕಳವೇ. ಆದರೆ ಝೀಟಾ ಮೇಡಂ ಕಾರ್ಕಳದ ಗೋಲ್‌ಕೀಪರ್ ಹುಡುಗಿಯನ್ನೂ ತೃಷಾಳನ್ನೂ ಹತ್ತಿರ ಕರೆದು, “ಇಬ್ಬರೂ ಶಿಬಿರಕ್ಕೆ ಬನ್ನಿ,” ಎಂದರು. ಅಷ್ಟೇ ಅಂದದ್ದು. ಭೋಜಣ್ಣ ಮುಖ ಒರೆಸಿಕೊಂಡ. ಮಳೆ ಇದ್ದದ್ದು ಒಳ್ಳೆಯದಾಯಿತು, ಯಾವ ನೀರು ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ.

ಹೊರಡುವ ಮೊದಲು ಝೀಟಾ ಮೇಡಂ ನಿಂತರು. “ಅಂದ ಹಾಗೆ, ಈ ಪಂದ್ಯಾಟದ ಸರಿಯಾದ ಹೆಸರು ಎಂತದು? ನಾನು ಅಲ್ಲಿ ಹೇಳಬೇಕಲ್ಲ.”

ಕೆಂಪು, ನೀಲಿ, ಹಸಿರು ಮುಖಗಳೆಲ್ಲ ಒಟ್ಟಿಗೆ ಬಾಯಿ ತೆರೆದವು. ತೃಷಾ ಮೊದಲೇ ಹೇಳಿಬಿಟ್ಟಳು.

“ಮಂಡೆಬಿಸಿ ಕಪ್, ಮೇಡಂ.”

ಕಾಪು, ಕಾರ್ಕಳದ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಅವರು ಮೊದಲ ಸುತ್ತಿನಿಂದಲೂ ಹಾಗೆಯೇ ಕರೆಯುತ್ತಿದ್ದರಂತೆ. ಝೀಟಾ ಮೇಡಂ ಒಮ್ಮೆ ವೇದಿಕೆಯ ಕಡೆ ನೋಡಿ, “ಸರಿಯಾಗಿಯೇ ಉಂಟು,” ಎಂದು ನಡೆದರು. ವಿರೋಧಿಸಲು ಯಾರಿಗೂ ಏನೂ ಸಿಗಲಿಲ್ಲ, ಅದರಲ್ಲಿ ಪಕ್ಕದ ಊರಿನ ಹೆಸರೇ ಇರಲಿಲ್ಲ. ಇವತ್ತಿಗೂ ಆ ಕಡೆ ಅದಕ್ಕೆ ಅದೇ ಹೆಸರು.

ಎಲ್ಲರೂ ಗೋಳಿಬಜೆಯ ಪಾತ್ರೆಯ ಸುತ್ತ ಸೇರಿದಾಗ ಸುಂದರಣ್ಣ ಮೆಲ್ಲನೆ ಭೋಜಣ್ಣನ ಪಕ್ಕಕ್ಕೆ ಬಂದ. ಹೆಗಲಿಗೆ ಒದ್ದೆ ಕೈ ಇಟ್ಟ.

“ಭಾವ, ಹೆಸರು ಒಳ್ಳೆಯದೇ ಉಂಟು. ಆದರೆ ಬರುವ ವರ್ಷ ಅದರ ಎದುರು ಸಣ್ಣದಾಗಿ ‘ಕಾರ್ಕಳ’ ಅಂತ ಒಂದು ಸೇರಿಸುವ. ಯಾರಿಗೂ ಹೇಳಬೇಡ. ಆಗಬಹುದಾ?”

ಭೋಜಣ್ಣ ಬಾಯಿ ತೆರೆದ. “ಆ…” ಎನ್ನುವಷ್ಟರಲ್ಲಿ ಮೋಹಿನಿ ಒಂದು ಗೋಳಿಬಜೆ ಎತ್ತಿ ಅದರೊಳಗೆ ತುರುಕಿದಳು.